‘ಇವನು ಅಂಥವನೇ’ ಅನ್ನುವುದು ಸಾಕ್ಷ್ಯವೇ?

ಕಿರಿಯ ವಕೀಲರೂ ಕಾನೂನು ಓದುವ ಹುಡುಗ ಹುಡುಗಿಯರೂ ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದರ ಬರಹ ಇದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಇಸವಿಗಳನ್ನು ಸೇರಿಸಿದ್ದೇನೆ. ಮೈಕ್ ಕೈಕೊಟ್ಟಾಗ ಹೇಳಿದ ಹರಟೆಯನ್ನು ಬಿಟ್ಟಿದ್ದೇನೆ.

ಒಂದು ಬಾಟಲಿಯಿಂದ ಶುರು ಮಾಡುತ್ತೇನೆ. 1898ರ ಕ್ರಿಸ್‌ಮಸ್ ಹೊತ್ತು. ನ್ಯೂಯಾರ್ಕಿನಲ್ಲಿ ಉಳ್ಳವರ ಒಂದು ಕ್ಲಬ್. ಅಲ್ಲಿ ಆಟೋಟದ ವಿಭಾಗ ನೋಡಿಕೊಳ್ಳುತ್ತಿದ್ದ ಹ್ಯಾರಿ ಕಾರ್ನಿಷ್ ಎಂಬವನಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಕಳಿಸಿದವರ ಹೆಸರಿಲ್ಲ. ಒಳಗೆ ಬಾಟಲಿ ಇಡುವ ಬೆಳ್ಳಿಯ ಒಂದು ಹೋಲ್ಡರ್, ಜೊತೆಗೆ ಬ್ರೋಮೋ ಸೆಲ್ಟ್ಜರ್ ಎಂಬ ಚೀಟಿ ಅಂಟಿಸಿದ ಬಾಟಲಿ. ತಲೆನೋವಿಗೂ, ರಾತ್ರಿ ಜಾಸ್ತಿ ಕುಡಿದವರಿಗೂ ಆಗ ಅಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಿದ್ದ ಪುಡಿ ಅದು. ಕಾರ್ನಿಷ್ ಅದನ್ನು ಮನೆಗೆ ಒಯ್ದ. ಒಂದು ಬೆಳಿಗ್ಗೆ ಮನೆಯ ಒಡತಿ ಕ್ಯಾಥರೀನ್ ಆ್ಯಡಮ್ಸ್ ತಲೆನೋವು ಅಂದರು. ಕಾರ್ನಿಷನೇ ಪುಡಿಯನ್ನು ನೀರಿಗೆ ಕದಡಿ ಕೊಟ್ಟ. ಸ್ವಲ್ಪ ಹೊತ್ತಿಗೆಲ್ಲ ಅವರು ತೀರಿಕೊಂಡರು. ಅದರಲ್ಲಿ ಸಯನೈಡ್ ಇತ್ತು.

ಸಂಶಯ ಹೋಗಿದ್ದು ರೋಲಂಡ್ ಮೊಲಿನೋ ಮೇಲೆ. ಕೆಮಿಸ್ಟ್. ದೊಡ್ಡ ಸೇನಾಧಿಕಾರಿಯ ಮಗ. ಕಾರ್ನಿಷ್ ಜೊತೆ ಜಗಳವಾಡಿ ಕ್ಲಬ್ ಬಿಟ್ಟವನು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಇನ್ನೊಂದು ಸಾವನ್ನೂ ಎಳೆದು ತಂದರು. ಕೆಲವು ವಾರ ಮೊದಲು ಹೆನ್ರಿ ಬಾರ್ನೆಟ್ ಎಂಬವನಿಗೂ ಹೀಗೇ ಅಂಚೆಯಲ್ಲಿ ಪುಡಿ ಬಂದಿತ್ತು, ಅವನೂ ಸತ್ತಿದ್ದ. ಬಾರ್ನೆಟ್ ಮತ್ತು ಮೊಲಿನೋ ಇಬ್ಬರ ಕಣ್ಣೂ ಒಬ್ಬಳೇ ಹೆಣ್ಣಿನ ಮೇಲಿತ್ತು. ಆದರೆ ಬಾರ್ನೆಟ್ ಕೊಲೆಯ ಬಗ್ಗೆ ಮೊಲಿನೋ ಮೇಲೆ ಆರೋಪವೇ ಇರಲಿಲ್ಲ. ಜೂರಿ ಎರಡೂ ಕಥೆ ಕೇಳಿತು. 1900ರಲ್ಲಿ ತಪ್ಪಿತಸ್ಥ ಅಂತ ತೀರ್ಪು, ಮರಣದಂಡನೆ.

1901ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ಕೋರ್ಟು ಅದನ್ನು ತಳ್ಳಿಹಾಕಿತು. ವಿಚಾರಣೆ ಆಗುತ್ತಿರುವುದು ಆ್ಯಡಮ್ಸ್ ಸಾವಿನದ್ದು, ಬಾರ್ನೆಟ್ ಸಾವಿಗೆ ಇಲ್ಲಿ ಏನು ಕೆಲಸ ಅಂತ ಕೇಳಿತು. 1902ರಲ್ಲಿ ಮತ್ತೆ ವಿಚಾರಣೆ ಆಯಿತು. ಬಾರ್ನೆಟ್ ಕಥೆ ಇಲ್ಲದೆ. ಮೊಲಿನೋ ಖುಲಾಸೆ.

ನ್ಯೂಯಾರ್ಕ್ ರಾಜ್ಯದ ವಕೀಲರು ಇವತ್ತಿಗೂ ‘ಮೊಲಿನೋ ಸಾಕ್ಷಿ’ ಅನ್ನುತ್ತಾರೆ. ಆರೋಪದಲ್ಲಿ ಇಲ್ಲದ ಹಳೆಯ ಕೃತ್ಯದ ಬಗ್ಗೆ ಹೇಳಲು ಬರುವ ಸಾಕ್ಷಿ ಅಂತ ಅರ್ಥ. ಬಾಗಿಲು ಮುಚ್ಚಿದೆ, ಆದರೆ ಐದು ಕಿಟಕಿ ಇವೆ. ಪ್ರೇರಣೆ ಏನು, ಇರಾದೆ ಏನು, ಅಕಸ್ಮಾತ್ ಆದದ್ದಲ್ಲವೇ, ಎಲ್ಲ ಒಂದೇ ಹೂಟದ ಭಾಗವೇ, ಮಾಡಿದವನು ಇವನೇ ಹೌದೇ. ಇದರಲ್ಲಿ ಒಂದನ್ನು ತೋರಿಸಲಿಕ್ಕೆ ಬೇಕಿದ್ದರೆ ಹಳೆಯದನ್ನು ಹೇಳಬಹುದು. ‘ಇವನು ಅಂಥವನೇ’ ಅನ್ನಲಿಕ್ಕೆ ಹೇಳುವಂತಿಲ್ಲ.

ನಮಗೆ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತ ಕೇಳಿಕೊಂಡು ಬೆಳೆದವರು ನಾವು. ಬಾಡಿಗೆಗೆ ಮನೆ ಕೊಡುವಾಗ, ಹೆಣ್ಣು ಕೊಡುವಾಗ ಮೊದಲು ವಿಚಾರಿಸುವುದೇ ಹಿಂದಿನದ್ದನ್ನು. ಕೋರ್ಟು ಮಾತ್ರ ಕಿವಿ ಮುಚ್ಚಿಕೊಳ್ಳುತ್ತದೆ. ನಮ್ಮ 1872ರ ಸಾಕ್ಷ್ಯ ಕಾಯ್ದೆಯ 14ನೇ ಕಲಮಿನಲ್ಲಿ ಒಂದು ಉದಾಹರಣೆ ಇತ್ತು. ಒಬ್ಬ ಇನ್ನೊಬ್ಬನನ್ನು ಗುಂಡು ಹೊಡೆದು ಕೊಂದ ಎಂಬ ಆರೋಪ. ಹಿಂದೆಯೂ ಅವನ ಮೇಲೆಯೇ ಗುಂಡು ಹಾರಿಸಿದ್ದ ಅಂತ ಹೇಳಬಹುದು. ಕೊಲ್ಲಬೇಕು ಅಂತಲೇ ಜನರ ಮೇಲೆ ಗುಂಡು ಹಾರಿಸುವುದು ಅವನ ಅಭ್ಯಾಸ ಅಂತ ಹೇಳುವಂತಿಲ್ಲ! ಕಾಲೇಜಿನಲ್ಲಿ ಮೇಷ್ಟ್ರು ಇದನ್ನು ಓದಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ನಾನೂ ನಕ್ಕಿದ್ದೆ.

ನಗು ನಿಂತಿದ್ದು ಪ್ರಾಕ್ಟೀಸಿಗೆ ಬಂದ ಮೇಲೆ. ಊರಲ್ಲಿ ಕಳ್ಳತನ ಆದರೆ ಪೊಲೀಸರು ಮೊದಲು ಹೋಗುವುದು ಹಳೆಯ ಕಳ್ಳನ ಮನೆಗೆ. ಅವನು ಮಾಡಿರಲಿ ಬಿಡಲಿ. ರೌಡಿ ಪಟ್ಟಿಗೆ ಒಮ್ಮೆ ಹೆಸರು ಹತ್ತಿದವನ ಕಷ್ಟ ಅವನ ವಕೀಲರಿಗೆ ಗೊತ್ತು. ಅದೇ ತರ್ಕ ತೀರ್ಪಿಗೂ ಬಂದರೆ ಸಾಕ್ಷ್ಯ ಯಾಕೆ ಬೇಕು, ಪಟ್ಟಿ ಓದಿದರೆ ಮುಗಿಯಿತು. ಹಾಗಾಗಿ ಈ ನಿಯಮ ಸುಮ್ನೆ ಬಂದದ್ದಲ್ಲ. ಇದರಿಂದ ಉಳಿದುಕೊಂಡವರಲ್ಲಿ ಬಡವರೇ ಜಾಸ್ತಿ ಅಂತ ನನ್ನ ಅನುಭವ ಹೇಳುತ್ತದೆ.

ಆದರೆ ಲೈಂಗಿಕ ಅಪರಾಧಕ್ಕೆ ಬಂದಾಗ ಇದೇ ನಿಯಮ ಕಾಲಿಗೆ ತೊಡರಿಕೊಳ್ಳುತ್ತದೆ. ಕಳ್ಳತನದಲ್ಲಿ ಪ್ರಶ್ನೆ ‘ಯಾರು ಮಾಡಿದ್ದು?’ ಇಲ್ಲಿ ಹೆಚ್ಚಿನ ಸಲ ಆ ಪ್ರಶ್ನೆಯೇ ಇಲ್ಲ. ಇಬ್ಬರೂ ಕೋಣೆಯಲ್ಲಿ ಇದ್ದದ್ದು ನಿಜ. ಆಕೆ ಬೇಡ ಅಂದೆ ಅನ್ನುತ್ತಾಳೆ. ಆತ ಒಪ್ಪಿದ್ದಳು ಅನ್ನುತ್ತಾನೆ, ಇಲ್ಲಾ ಏನೂ ಆಗಲೇ ಇಲ್ಲ ಅನ್ನುತ್ತಾನೆ. ಮೂರನೆಯವರಿಲ್ಲ. ಐದು ಕಿಟಕಿಗಳಲ್ಲಿ ಯಾವುದೂ ಸರಿಯಾಗಿ ಈ ಕೋಣೆಗೆ ತೆರೆಯುವುದಿಲ್ಲ.

ಹಾರ್ವಿ ವೈನ್‌ಸ್ಟೀನ್ ಪ್ರಕರಣದಲ್ಲಿ ಆದದ್ದು ಇದೇ. ಹಾಲಿವುಡ್ಡಿನ ಆ ನಿರ್ಮಾಪಕನ ಮೇಲೆ ನ್ಯೂಯಾರ್ಕಿನಲ್ಲಿ ನಡೆದ ವಿಚಾರಣೆಯಲ್ಲಿ, ಆರೋಪಪಟ್ಟಿಯಲ್ಲಿ ಇಲ್ಲದ ಘಟನೆಗಳ ಬಗ್ಗೆ ಮೂವರು ಮಹಿಳೆಯರು ಸಾಕ್ಷಿ ಹೇಳಿದರು. ಕೆಲಸದ ಮಾತು ಅಂತ ಕರೆಸಿಕೊಂಡ, ಆಮೇಲೆ ಹೀಗೆ ಮಾಡಿದ ಅಂತ. ಅಷ್ಟೇ ಅಲ್ಲ. ಅವನೇ ಕಟಕಟೆಗೆ ಬಂದರೆ ಹಳೆಯ ಇನ್ನಷ್ಟು ದುರ್ನಡತೆಗಳ ಬಗ್ಗೆ, ಲೈಂಗಿಕ ಅಪರಾಧಕ್ಕೆ ಸಂಬಂಧವಿಲ್ಲದ ಕೂಗಾಟಗಳ ಬಗ್ಗೆಯೂ ಪ್ರಶ್ನೆ ಕೇಳಬಹುದು ಅಂತ ನ್ಯಾಯಾಧೀಶರು ಮೊದಲೇ ಹೇಳಿಟ್ಟರು. ಅವನು ಕಟಕಟೆ ಹತ್ತಲಿಲ್ಲ. 2020ರ ಫೆಬ್ರವರಿಯಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು, ಮಾರ್ಚಿನಲ್ಲಿ 23 ವರ್ಷ ಶಿಕ್ಷೆ.

2024ರ ಏಪ್ರಿಲ್ 25ರಂದು ಅದೇ ಅತ್ಯುನ್ನತ ಕೋರ್ಟು, ಅದೇ ಮೊಲಿನೋ ತೀರ್ಪನ್ನು ಹಿಡಿದುಕೊಂಡು ಶಿಕ್ಷೆ ರದ್ದು ಮಾಡಿತು. ನಾಲ್ಕಕ್ಕೆ ಮೂರು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜೆನ್ನಿ ರಿವೇರಾ. ಅವರ ತರ್ಕ ಹೆಚ್ಚುಕಡಿಮೆ ಹೀಗೆ: ದೂರುದಾರ ಮಹಿಳೆ ಹೇಳಿದ್ದು ನಿಜ ಆಗಿದ್ದರೆ ಅವನ ಇರಾದೆ ಏನು ಅಂತ ಬೇರೆ ತೋರಿಸುವ ಅಗತ್ಯವೇ ಇಲ್ಲ. ಸುಳ್ಳಾಗಿದ್ದರೆ ಇರಾದೆಯ ಪ್ರಶ್ನೆಯೇ ಬರುವುದಿಲ್ಲ. ಹಾಗಿದ್ದ ಮೇಲೆ ಆ ಮೂವರು ಹೇಳಿದ್ದು ಅವನು ಎಂಥವನು ಅಂತ ತೋರಿಸಲಿಕ್ಕೆ ಮಾತ್ರ. ಮೊಲಿನೋ ಬೇಡ ಅಂದದ್ದು ಅದನ್ನೇ.

ಭಿನ್ನಮತ ಬರೆದವರಲ್ಲಿ ಒಬ್ಬರು ಮ್ಯಾಡ್ಲಿನ್ ಸಿಂಗಾಸ್. ಅವರೂ ಮಹಿಳೆ, ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು. ಅವರ ಬರಹದಲ್ಲಿ ಸಿಟ್ಟು ಕಾಣುತ್ತದೆ. ಪರಿಚಯದವರ ನಡುವೆ ನಡೆಯುವ ಅತ್ಯಾಚಾರ ಹೇಗಿರುತ್ತದೆ ಅನ್ನುವುದು ಬಹುಮತಕ್ಕೆ ಗೊತ್ತೇ ಇಲ್ಲ ಅನ್ನುವ ಧಾಟಿ. ಎರಡನ್ನೂ ಒಂದೇ ದಿನ ಓದಿದೆ. ರಿವೇರಾ ಅವರದ್ದನ್ನು ಓದುವಾಗ ಹೌದಲ್ಲ ಅನಿಸಿತು. ಸಿಂಗಾಸ್ ಅವರದ್ದನ್ನು ಓದುವಾಗಲೂ ಹೌದಲ್ಲ ಅನಿಸಿತು. ತಮಾಷೆಗೆ ಹೇಳುತ್ತಿಲ್ಲ. ಹಳೆಯ ನಿಯಮದ ಒಳಗೆ ನಿಂತು ನೋಡಿದರೆ ರಿವೇರಾ ಸರಿ. ಆ ನಿಯಮವೇ ಇಲ್ಲಿಗೆ ಸಾಲದು ಅನ್ನುವುದರಲ್ಲಿ ಸಿಂಗಾಸ್ ಸರಿ.

2025ರಲ್ಲಿ ಆ ಮೂವರ ಸಾಕ್ಷ್ಯ ಇಲ್ಲದೆ ಮತ್ತೆ ವಿಚಾರಣೆ ಆಯಿತು. ಹೊಸದೊಂದು ಆರೋಪವೂ ಸೇರಿತ್ತು. ಜೂನ್‌ನಲ್ಲಿ ಜೂರಿ ಒಂದು ಆರೋಪಕ್ಕೆ ತಪ್ಪಿತಸ್ಥ ಅಂದಿತು, ಒಂದಕ್ಕೆ ಅಲ್ಲ ಅಂದಿತು, ಇನ್ನೊಂದರಲ್ಲಿ ಒಮ್ಮತಕ್ಕೆ ಬರಲಾಗಲಿಲ್ಲ.

ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಹಾಸ್ಯನಟ ಬಿಲ್ ಕಾಸ್ಬಿ ಪ್ರಕರಣ ಇದಕ್ಕೆ ಮೊದಲೇ ಆಗಿತ್ತು. 2017ರ ಮೊದಲ ವಿಚಾರಣೆಯಲ್ಲಿ ದೂರುದಾರ ಮಹಿಳೆಯ ಜೊತೆಗೆ ಇನ್ನೊಬ್ಬಳು ಮಾತ್ರ ಸಾಕ್ಷಿ ಹೇಳಲು ಅವಕಾಶ ಸಿಕ್ಕಿತು. ಜೂರಿ ಒಮ್ಮತಕ್ಕೆ ಬರಲಿಲ್ಲ. 2018ರಲ್ಲಿ ಅದೇ ನ್ಯಾಯಾಧೀಶರು ಐವರಿಗೆ ಅವಕಾಶ ಕೊಟ್ಟರು. ತಪ್ಪಿತಸ್ಥ ಅಂತ ತೀರ್ಪು ಬಂತು. ಐವರು ಬಂದದ್ದರಿಂದಲೇ ಹೀಗಾಯಿತು ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು, ಜೂರಿ ಬೇರೆ, ಬೇರೆ ಸಾಕ್ಷ್ಯವೂ ಇತ್ತು. ಆದರೆ ವಕೀಲರಾದವರು ಈ ಲೆಕ್ಕವನ್ನು ಗಮನಿಸದೇ ಇರಲಾರರು. 2021ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಾಸ್ಬಿಯನ್ನು ಬಿಡುಗಡೆ ಮಾಡಿದ್ದು ಈ ಐವರ ಕಾರಣಕ್ಕಲ್ಲ. ಹಿಂದಿನ ಪ್ರಾಸಿಕ್ಯೂಟರ್ ಕೇಸು ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದರು, ಆ ಮಾತನ್ನು ಮುರಿಯುವಂತಿಲ್ಲ ಅನ್ನುವ ಕಾರಣಕ್ಕೆ. ಐವರ ಪ್ರಶ್ನೆಯನ್ನು ಕೋರ್ಟು ಮುಟ್ಟಲೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಇದನ್ನು ತಪ್ಪಾಗಿ ಹೇಳುವವರು ಬಹಳ ಮಂದಿ ಇದ್ದಾರೆ, ಅದಕ್ಕೆ ಇಷ್ಟು ಹೇಳಿದೆ.

ಇನ್ನೊಂದು ತಮಾಷೆ ನೋಡಿ. ವೈನ್‌ಸ್ಟೀನ್ ವಿಚಾರಣೆ ನಡೆದದ್ದು ಮ್ಯಾನ್‌ಹಟನ್ನಿನ ಸೆಂಟರ್ ಸ್ಟ್ರೀಟಿನ ಕೋರ್ಟಿನಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಪರ್ಲ್ ಸ್ಟ್ರೀಟಿನಲ್ಲಿ, ಫೆಡರಲ್ ಕೋರ್ಟು, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟು, ಇದೆ. ಅಲ್ಲಿ ನಿಯಮ ತಲೆಕೆಳಗು. 1994ರಲ್ಲಿ ಅಮೆರಿಕದ ಸಂಸತ್ತು ಫೆಡರಲ್ ಕೋರ್ಟುಗಳಿಗೆ ಹೊಸ ನಿಯಮ ಮಾಡಿತು. ಲೈಂಗಿಕ ಅಪರಾಧದ ಕೇಸಿನಲ್ಲಿ ಆರೋಪಿಯ ಮೇಲೆ ಹಿಂದೆ ಇದ್ದ ಅಂಥದ್ದೇ ಆರೋಪಗಳನ್ನು ಯಾವ ಸಂಬಂಧಪಟ್ಟ ವಿಷಯಕ್ಕೆ ಬೇಕಾದರೂ ಸಾಕ್ಷ್ಯವಾಗಿ ತರಬಹುದು ಅಂತ. ಶಿಕ್ಷೆ ಆಗಿರಬೇಕಿಲ್ಲ, ಪೊಲೀಸರಿಗೆ ದೂರು ಕೂಡ ಹೋಗಿರಬೇಕಿಲ್ಲ. ಸಿವಿಲ್ ದಾವೆಗೂ ಇದು ಅನ್ವಯ. 2023ರ ಮೇ ತಿಂಗಳಲ್ಲಿ, ಲೇಖಕಿ ಇ. ಜೀನ್ ಕ್ಯಾರಲ್ ಹಾಕಿದ ಸಿವಿಲ್ ದಾವೆಯಲ್ಲಿ ಡೊನಾಲ್ಡ್ ಟ್ರಂಪ್ ವಿರುದ್ಧ ಇನ್ನಿಬ್ಬರು ಮಹಿಳೆಯರು ತಮಗಾದದ್ದನ್ನು ಹೇಳಿದ್ದು ಈ ನಿಯಮದ ಬಲದಿಂದ. ಟ್ರಂಪ್ ಎಲ್ಲವನ್ನೂ ಅಲ್ಲಗಳೆದರು. ಜೂರಿ ಲೈಂಗಿಕ ದೌರ್ಜನ್ಯ ಮತ್ತು ಮಾನನಷ್ಟಕ್ಕೆ 50 ಲಕ್ಷ ಡಾಲರ್ ಕೊಡಿಸಿತು. ಆ ಇಬ್ಬರ ಸಾಕ್ಷ್ಯ ತೆಗೆದುಕೊಂಡದ್ದು ಸರಿ ಅಂತ 2024ರ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಹೇಳಿತು. ಒಂದೇ ಊರಿನ ಎರಡು ವಿಚಾರಣೆ, ಮೇಲಿನ ಕೋರ್ಟಿನ ತೀರ್ಪು ಎರಡಕ್ಕೂ 2024ರಲ್ಲೇ. ಒಂದರಲ್ಲಿ ಬೇರೆ ಮಹಿಳೆಯರ ಮಾತು ತೀರ್ಪನ್ನೇ ಕೆಡವಿತು. ಇನ್ನೊಂದರಲ್ಲಿ ಅಂಥದ್ದೇ ಮಾತು ಉಳಿದುಕೊಂಡಿತು.

ಕ್ಯಾಲಿಫೋರ್ನಿಯಾ ಕೂಡ ಫೆಡರಲ್ ದಾರಿಯನ್ನೇ ಹಿಡಿದಿದೆ. 2022ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವೈನ್‌ಸ್ಟೀನ್‌ಗೆ ಇನ್ನೊಂದು ಕೇಸಿನಲ್ಲಿ ತಪ್ಪಿತಸ್ಥ ತೀರ್ಪು ಆಗಿತ್ತು, 16 ವರ್ಷ ಶಿಕ್ಷೆ. ನ್ಯೂಯಾರ್ಕ್ ತೀರ್ಪು ರದ್ದಾದ ಮೇಲೂ ಅವನು ಹೊರಗೆ ಬಾರದೇ ಇದ್ದದ್ದು ಅದರಿಂದ.

ಇನ್ನು ನಮ್ಮ ಮನೆಗೆ ಬರೋಣ.

1872ರ ಕಾಯ್ದೆಯ ಕರಡು ಮಾಡಿದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅದರ 54ನೇ ಕಲಂ ಹೇಳುತ್ತಿತ್ತು: ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಕೆಟ್ಟ ನಡತೆ ಪ್ರಸ್ತುತವಲ್ಲ, ಅವನೇ ತಾನು ಒಳ್ಳೆಯವನು ಅಂತ ಸಾಕ್ಷ್ಯ ತಂದರೆ ಮಾತ್ರ ಉತ್ತರವಾಗಿ ಹೇಳಬಹುದು. ಆ ಕಾಯ್ದೆಯ ಬದಲಿಗೆ ಬಂದ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 49ನೇ ಕಲಂ. ಸರಿ. ಇದೇ ಪುಸ್ತಕದಲ್ಲಿ ಕೆಲವು ಹಾಳೆ ಮುಂದೆ ತಿರುಗಿಸಿದರೆ 155ನೇ ಕಲಮಿನ ನಾಲ್ಕನೇ ಭಾಗ ಸಿಗುತ್ತಿತ್ತು. ಅತ್ಯಾಚಾರದ ಕೇಸಿನಲ್ಲಿ ದೂರು ಕೊಟ್ಟ ಹೆಂಗಸು ಸಾಮಾನ್ಯವಾಗಿ ನಡತೆಗೆಟ್ಟವಳು ಅಂತ ತೋರಿಸಬಹುದು ಅಂತ ಅಲ್ಲಿ ಬರೆದಿತ್ತು. ಅವನ ಹಿಂದಿನದ್ದು ಕೇಳಬಾರದು, ಅವಳದ್ದು ಕೇಳಬಹುದು! ಒಂದೇ ಕೈ ಬರೆದ ಎರಡು ವಾಕ್ಯ.

ಇದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದಲ್ಲ. 90ರ ದಶಕದ ಕೊನೆ. ನಾನಿನ್ನೂ ಸೀನಿಯರ್ ಹಿಂದೆ ಫೈಲು ಹೊತ್ತುಕೊಂಡು ಓಡಾಡುತ್ತಿದ್ದ ಕಾಲ. ಒಂದು ಸೆಷನ್ಸ್ ಕೇಸು. ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಆರೋಪಿ ಕಡೆಯ ವಕೀಲರು ಪಾಟೀಸವಾಲು ಶುರು ಮಾಡಿದರು. ಜಾತ್ರೆಗೆ ಯಾರ ಜೊತೆ ಹೋಗಿದ್ದೆ? ಆ ಹುಡುಗನ ಸೈಕಲ್ ಮೇಲೆ ಕೂತು ಬಂದೆ ತಾನೇ? ಊರಲ್ಲಿ ನಿನ್ನ ಬಗ್ಗೆ ಮಾತಿತ್ತು ತಾನೇ? ಹುಡುಗಿ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸುತ್ತಿದ್ದಳು. ಟೈಪಿಸ್ಟ್ ಕುಟ್ಟುತ್ತಿದ್ದರು: ‘ನನ್ನ ನಡತೆ ಸರಿ ಇರಲಿಲ್ಲ ಎಂದರೆ ಸರಿಯಲ್ಲ.’ ‘ನಾನು ಹಲವರ ಜೊತೆ ಓಡಾಡುತ್ತಿದ್ದೆ ಎಂದರೆ ಸರಿಯಲ್ಲ.’ ಒಂದು ಹಾಳೆ ತುಂಬ ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ. ಇಲ್ಲ ಅಂದರೂ ಪ್ರಶ್ನೆ ದಾಖಲೆಯಲ್ಲಿ ಕೂತುಬಿಡುತ್ತದೆ, ಅದು ಗೊತ್ತಿರಲಿ.

ಅದೇ ಆರೋಪಿಯ ಮೇಲೆ ಎರಡು ವರ್ಷ ಮೊದಲು ಇನ್ನೊಬ್ಬ ಹುಡುಗಿಯ ಮನೆಯವರು ಗಲಾಟೆ ಮಾಡಿದ್ದರು. ಊರಿನ ಹಿರಿಯರು ಕೂತು ರಾಜಿ ಮಾಡಿಸಿದ್ದರು. ಕೋರ್ಟಿನ ಪಡಸಾಲೆಯಲ್ಲಿ ಟೀ ಮಾರುವವನಿಗೂ ಇದು ಗೊತ್ತಿತ್ತು. ಕಟಕಟೆಗೆ ಮಾತ್ರ ಬರಲಿಲ್ಲ. ಬರುವಂತಿರಲಿಲ್ಲ. ‘ಮೇಡಂ, ಅದು 54ಕ್ಕೆ ಹೊಡೆಯುತ್ತೆ, ಕೇಳಿದರೆ ಕೋರ್ಟು ಬೈಯುತ್ತೆ’ ಅಂದರು ನಮ್ಮ ಪಿಪಿ, ಅಂದರೆ ಸರ್ಕಾರಿ ವಕೀಲರು. ಖುಲಾಸೆಯಾಯಿತು.

155ರ ಆ ಭಾಗವನ್ನು ತೆಗೆದುಹಾಕಿದ್ದು 2003ರಲ್ಲಿ. 131 ವರ್ಷ ಇತ್ತು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆ, ನ್ಯಾಯಮೂರ್ತಿ ವರ್ಮಾ ಸಮಿತಿ ಆದ ಮೇಲೆ 2013ರಲ್ಲಿ 53ಎ ಕಲಂ ಬಂತು, ಒಪ್ಪಿಗೆಯ ಪ್ರಶ್ನೆಯಲ್ಲಿ ಆಕೆಯ ಹಿಂದಿನ ಲೈಂಗಿಕ ಜೀವನ ಪ್ರಸ್ತುತವಲ್ಲ ಅಂತ. ಅಂದರೆ ಅವಳ ಕಡೆಯ ಬಾಗಿಲನ್ನು ಮುಚ್ಚಿದೆವು. ಅವನ ಕಡೆಯ ಬಾಗಿಲು ಎಷ್ಟು ತೆರೆಯಬೇಕು ಅನ್ನುವ ಚರ್ಚೆ ನಮ್ಮಲ್ಲಿ ಸರಿಯಾಗಿ ಶುರುವೇ ಆಗಿಲ್ಲ.

ಕಾಯ್ದೆಯ ಒಳಗೇ ಒಂದು ಕೀಲಿಕೈ ಇದೆ. ಹಳೆಯ 15ನೇ ಕಲಂ, ಈಗಿನ 13. ಅಲ್ಲಿನ ಉದಾಹರಣೆ: ಒಬ್ಬ ವಿಮೆ ಹಣಕ್ಕಾಗಿ ತನ್ನ ಮನೆಗೆ ಬೆಂಕಿ ಇಟ್ಟ ಎಂಬ ಆರೋಪ. ಅವನು ಒಂದರ ನಂತರ ಒಂದು ಮನೆಯಲ್ಲಿ ಇದ್ದ, ಪ್ರತಿಯೊಂದಕ್ಕೂ ವಿಮೆ ಮಾಡಿಸಿದ್ದ, ಪ್ರತಿಯೊಂದಕ್ಕೂ ಬೆಂಕಿ ಬಿತ್ತು, ಪ್ರತಿ ಸಲವೂ ಬೇರೆ ಬೇರೆ ವಿಮಾ ಕಚೇರಿಯಿಂದ ಹಣ ಪಡೆದ. ಇದನ್ನೆಲ್ಲ ಹೇಳಬಹುದು, ಯಾಕೆಂದರೆ ಬೆಂಕಿ ಅಕಸ್ಮಾತ್ ಅಲ್ಲ ಅಂತ ತೋರಿಸುತ್ತದೆ. ಇಲ್ಲಿ ಯಾರೂ ‘ಅವನು ಬೆಂಕಿ ಇಡುವ ಜಾತಿಯವನು’ ಅನ್ನುತ್ತಿಲ್ಲ. ‘ಇಷ್ಟು ಸಲ ತಾನಾಗಿಯೇ ಹೊತ್ತಿಕೊಳ್ಳುತ್ತದೆಯೇ?’ ಅನ್ನುತ್ತಿದ್ದಾರೆ. ಎರಡಕ್ಕೂ ಬಹಳ ದೂರ ಇದೆ.

ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ಸಯನೈಡ್ ಮೋಹನ್ ಪ್ರಕರಣ ನೆನಪಿದೆಯಲ್ಲ. ಬೇರೆ ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳ ಶವ ಸಿಗುತ್ತಿದ್ದವು. ಒಂದೊಂದು ಠಾಣೆಯಲ್ಲಿ ಒಂದೊಂದು ಅಸಹಜ ಸಾವು. ಒಂದೊಂದನ್ನೇ ನೋಡಿದರೆ ಆತ್ಮಹತ್ಯೆ ಇರಬಹುದು. 2009ರಲ್ಲಿ ಅವನು ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಮದುವೆಯಾಗುತ್ತೇನೆ ಅಂತ ನಂಬಿಸುವುದು, ಲಾಡ್ಜಿನಲ್ಲಿ ರಾತ್ರಿ, ಬೆಳಿಗ್ಗೆ ಬಸ್ ನಿಲ್ದಾಣ, ಗರ್ಭ ನಿಲ್ಲದಿರಲು ಅಂತ ಒಂದು ಮಾತ್ರೆ. ಇಪ್ಪತ್ತು ಕೇಸು, ಒಂದೊಂದಾಗಿ ವಿಚಾರಣೆ ನಡೆದು ಮಂಗಳೂರಿನಲ್ಲಿ ಕೊನೆಯ ತೀರ್ಪು ಬಂದದ್ದು 2020ರಲ್ಲಿ. ಅವು ಕೊಲೆಯ ಕೇಸುಗಳು, ಹೆಣಗಳಿದ್ದವು, ನಿಜ. ಆದರೆ ಒಂಟಿಯಾಗಿ ನೋಡಿದರೆ ಏನೂ ಹೇಳದ ಘಟನೆ ಸಾಲಿನಲ್ಲಿ ನಿಂತಾಗ ಹೇಗೆ ಮಾತಾಡುತ್ತದೆ ಅನ್ನುವುದಕ್ಕೆ ನಮ್ಮ ಕಡೆಯದ್ದೇ ಉದಾಹರಣೆ ಇದು.

‘ನಮ್ಮಲ್ಲಿ ಜೂರಿ ಇಲ್ಲವಲ್ಲ ಮೇಡಂ, ನ್ಯಾಯಾಧೀಶರು ಕಲಿತವರು, ಹಳೆಯದನ್ನು ಕೇಳಿದರೂ ಮನಸ್ಸು ಕೆಡಿಸಿಕೊಳ್ಳುವುದಿಲ್ಲ’ ಅಂತ ಒಬ್ಬರು ನಡುವೆ ಎದ್ದು ಹೇಳಿದರು. ಒಪ್ಪೋಣ ಅಂದುಕೊಂಡೆ, ಆಗಲಿಲ್ಲ. ಜಾಮೀನು ಅರ್ಜಿಯ ದಿನ ಏನಾಗುತ್ತದೆ ನೋಡಿ. ಪಿಪಿ ತಕರಾರಿನಲ್ಲಿ ಆರೋಪಿಯ ಹಿಂದಿನ ಕೇಸುಗಳ ಪಟ್ಟಿ ಇರುತ್ತದೆ, ಅಪರಾಧ ಸಂಖ್ಯೆ ಸಮೇತ. ಅದನ್ನು ಓದುವುದು ಸೆಷನ್ಸ್ ಕೋರ್ಟು. ಮುಂದೆ ವಿಚಾರಣೆ ನಡೆಸುವುದೂ ಎಷ್ಟೋ ಸಲ ಅದೇ ಕೋರ್ಟು. ತೀರ್ಪು ಬರೆಯುವಾಗ ಆ ಪಟ್ಟಿಯನ್ನು ಮರೆತಿರುತ್ತಾರೆ ಅಂತ ಕಾನೂನು ನಂಬುತ್ತದೆ. ನಾನು ಪೂರ್ತಿ ನಂಬುವುದಿಲ್ಲ. ಹಿಂಬಾಗಿಲಿನಿಂದ ಬರುವ ಹಳೆಯದನ್ನು ಪಾಟೀಸವಾಲಿಗೆ ಒಡ್ಡಲು ಆಗುವುದಿಲ್ಲ. ಅದಕ್ಕಿಂತ ಮುಂಬಾಗಿಲಿನಿಂದ ಬರಲಿ, ಕಟಕಟೆ ಹತ್ತಲಿ, ಆರೋಪಿ ಕಡೆಯವರು ಪ್ರಶ್ನೆ ಕೇಳಲಿ.

ಎಷ್ಟು ತೆರೆಯಬೇಕು? ಫೆಡರಲ್ ನಿಯಮದಷ್ಟು ಅಗಲ ನನಗೆ ಭಯ. ಇಪ್ಪತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಮೈಗೆ ಕೈ ತಾಗಿಸಿದ ಅನ್ನುವುದು ಇವತ್ತಿನ ಅತ್ಯಾಚಾರದ ಕೇಸಿಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು, ಮೂವರು ಬಂದು ಅದೇ ನೆಪ, ಅದೇ ಕರೆ, ಬಾಗಿಲು ಹಾಕಿದ ಮೇಲೆ ಅದೇ ಮಾತು ಅಂತ ಹೇಳಿದರೆ ಅದು ವಿಮೆಯ ಮನೆಗಳ ಲೆಕ್ಕವೇ. ಇಷ್ಟು ಸಲ ಒಪ್ಪಿಗೆಯೇ ತಪ್ಪಾಗಿ ಅರ್ಥವಾಗುತ್ತದೆಯೇ? ಮಾತಾಡಿಕೊಂಡು ಬಂದಿದ್ದರೆ? ಆ ಅನುಮಾನ ನ್ಯಾಯವಾದದ್ದೇ, ಅದನ್ನು ಪಾಟೀಸವಾಲಿನಲ್ಲಿ ಕೆದಕಬೇಕು. ಮತ್ತೆ, ಇದನ್ನು ನ್ಯಾಯಾಧೀಶರು ಹಳೆಯ ಕಿಟಕಿಯನ್ನು ಜಗ್ಗಿ ಜಗ್ಗಿ ಅಗಲ ಮಾಡಿ ತರಬಾರದು. ವೈನ್‌ಸ್ಟೀನ್ ಕೇಸಿನಲ್ಲಿ ಆದದ್ದು ಅದೇ. ಸಾಕ್ಷಿ ಹೇಳಿದ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷ ಆದ ಮೇಲೆ ‘ನೀವು ಬರಬಾರದಿತ್ತು’ ಅಂತ ಹೇಳಿದ ಹಾಗಾಯಿತು. ಶಾಸನ ಸಭೆ ಬರೆಯಬೇಕಾದ ನಿಯಮ ಇದು.

ಅಷ್ಟೊತ್ತಿಗೆ ಊಟದ ಹೊತ್ತಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ‘ಮೇಡಂ, ಹಿಂದಿನ ಕೇಸಿನಲ್ಲಿ ಖುಲಾಸೆ ಆಗಿದ್ದರೆ?’

ಇಂಗ್ಲೆಂಡಿನದ್ದೊಂದು ಹೇಳಿದೆ. 2000ದಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ಪ್ರಕರಣ. ಆರೋಪಿಯ ಹೆಸರು ಹೊರಗೆ ಹಾಕಲಿಲ್ಲ, ಝಡ್ ಅಂತ ಮಾತ್ರ ಕರೆದರು. ಅತ್ಯಾಚಾರದ ಆರೋಪ, ಆಕೆ ಒಪ್ಪಿದ್ದಳು ಅನ್ನುವುದು ಅವನ ವಾದ. ಅದಕ್ಕೆ ಮೊದಲು ನಾಲ್ಕು ಅತ್ಯಾಚಾರದ ಕೇಸು ಎದುರಿಸಿದ್ದ. ಒಂದರಲ್ಲಿ ಶಿಕ್ಷೆ, ಮೂರರಲ್ಲಿ ಖುಲಾಸೆ. ನಾಲ್ವರು ಮಹಿಳೆಯರ ಸಾಕ್ಷ್ಯವನ್ನೂ ತರಬಹುದು ಅಂದಿತು ಲಾರ್ಡ್ಸ್, ಖುಲಾಸೆಯಾದ ಮೂರೂ ಸೇರಿ. ಆ ಕೃತ್ಯಗಳಿಗೆ ಅವನನ್ನು ಮತ್ತೆ ಶಿಕ್ಷಿಸುತ್ತಿಲ್ಲ, ಈ ಕೇಸಿನ ಸತ್ಯ ಹುಡುಕಲು ಅವರ ಮಾತು ಕೇಳುತ್ತಿದ್ದೇವೆ ಅಷ್ಟೇ ಅನ್ನುವುದು ತರ್ಕ.

ಹುಡುಗಿ ಕೂರಲಿಲ್ಲ. ‘ಹಾಗಾದರೆ ಆ ಮೂರು ಖುಲಾಸೆಗೆ ಬೆಲೆ ಏನು ಮೇಡಂ?’ ಅಂದಳು. ಮೊದಲ ಸಾಲಿನ ಹಿರಿಯ ವಕೀಲರೊಬ್ಬರು ಹಿಂದೆ ತಿರುಗಿ ನೋಡಿದರು. ಅವಳ ಪಕ್ಕದಲ್ಲಿದ್ದವಳು, ‘ಮೂರು ಸಲವೂ ಆ ಹೆಂಗಸರು ಒಬ್ಬೊಬ್ಬರೇ ನಿಂತಿದ್ದರಲ್ಲ, ಅದಕ್ಕೆ ಬೆಲೆ ಏನು?’ ಅಂತ ಅವಳಿಗೇ ಕೇಳಿದಳು. ಇಬ್ಬರೂ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ವಾದ ಮಾಡುತ್ತಲೇ ಇದ್ದರು. ಸಾಂಬಾರ್ ಬಡಿಸುವವನು ಎರಡು ಸಲ ಕೇಳಬೇಕಾಯಿತು.